‘ಸುಲಭ’ ಅಂತಾರಲ್ಲ, ಆ ಪಲ್ಯ

ಕಥೆ ವಿಮರ್ಶೆ ಮಾಡ್ತೀವಿ, ಸಿನಿಮಾ ವಿಮರ್ಶೆ ಮಾಡ್ತೀವಿ, ಕ್ರಿಕೆಟ್ ಮ್ಯಾಚನ್ನಂತೂ ಒಂದೊಂದು ಬಾಲನ್ನೂ ಬಿಡಿಸಿ ನೋಡ್ತೀವಿ. ಅಡುಗೆ ಬರಹವನ್ನು ಮಾತ್ರ ಯಾರೂ ವಿಮರ್ಶೆಗೆ ಎತ್ತಿಕೊಳ್ಳೋದಿಲ್ಲ. ‘ಚೆನ್ನಾಗಿ ಬಂತು’ ಅಥವಾ ‘ನಮ್ಮನೇಲಿ ಯಾಕೋ ಸರಿ ಬರಲಿಲ್ಲ’, ಇಷ್ಟಕ್ಕೆ ಮುಗೀತು. ಸರಿ ಬರದೇ ಇದ್ದರೆ ತಪ್ಪು ಮಾಡಿದವರದ್ದು, ಬರೆದವರದ್ದಲ್ಲ. ಇಂಥ ಅನುಕೂಲ ಬೇರೆ ಯಾವ ಸಾಹಿತ್ಯ ಪ್ರಕಾರಕ್ಕೂ ಇಲ್ಲ ನೋಡಿ. ಕಾದಂಬರಿ ಬೋರ್ ಹೊಡೆದರೆ ಓದುಗ ನೇರವಾಗಿ ಕಾದಂಬರಿಕಾರನನ್ನೇ ಬೈತಾನೆ. ಅದೂ ಅಲ್ಲದೆ, ಅಡುಗೆ ಬರಹ ಕನ್ನಡಕ್ಕೆ ನಿನ್ನೆ ಮೊನ್ನೆ ಬಂದದ್ದೇನಲ್ಲ. ಮೂರನೇ ಮಂಗರಸ 16ನೇ ಶತಮಾನದಲ್ಲಿ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲೇ ಬರೆದ. ಅಂದಮೇಲೆ ಒಂದು ಪಾಕವಿಧಾನವನ್ನು ಪಠ್ಯ ಅಂತ ತಗೊಂಡು ಕೂತರೆ ಯಾರೂ ನಗಬೇಕಾಗಿಲ್ಲ.

ನಾನು ಇವತ್ತು ಎತ್ತಿಕೊಂಡಿರೋದು ಯಾರೋ ಒಬ್ಬರ ಬರಹವಲ್ಲ, ಒಂದು ಮಾದರಿ. ಫೋನಿನಲ್ಲಿ ಎರಡು ಸಲ ಬೆರಳು ಜಾರಿಸಿದರೆ ಸಿಗುತ್ತೆ. ಫ್ರೀಜರಿನಿಂದ ತರಕಾರಿ ಪ್ಯಾಕೆಟ್ ತೆಗೀರಿ, ಟ್ರೇ ಮೇಲೆ ಹರಡಿ, ಎಣ್ಣೆ ಉಪ್ಪು ಕಾಳುಮೆಣಸಿನ ಪುಡಿ ಹಾಕಿ, ಇಪ್ಪತ್ತು ನಿಮಿಷ ಓವನ್ನಿನಲ್ಲಿ ಹುರೀರಿ, ಸುಲಭದ ಸೈಡ್ ಡಿಶ್ ರೆಡಿ. ಇಂಗ್ಲಿಷಿನಿಂದ ಬಂದ ಈ ಐದು ಮಾತು ಈಗ ಕನ್ನಡ ವಿಡಿಯೋಗಳಲ್ಲೂ ಹಾಗ್ಹಾಗೇ ಓಡಾಡ್ತಿದೆ, ಕಾಳುಮೆಣಸಿನ ಜಾಗಕ್ಕೆ ಚಾಟ್ ಮಸಾಲ ಬಂದಿದೆ ಅಷ್ಟೆ. ಜೊತೆಗೊಂದು ಚಿತ್ರ ಇರುತ್ತೆ. ಚಿತ್ರದಲ್ಲಿ ಬ್ರಾಕೊಲಿಯ ತುದಿ ಕಪ್ಪಗೆ ಗರಿಗರಿಯಾಗಿ ನಿಂತಿದೆ, ಕ್ಯಾರೆಟ್ಟಿನ ಅಂಚು ಕಂದು ಬಣ್ಣಕ್ಕೆ ತಿರುಗಿದೆ. ಅಲ್ಲಾಳಸಂದ್ರದ ಅಪಾರ್ಟ್‌ಮೆಂಟುಗಳ ಅಡುಗೆಮನೆಗಳಲ್ಲಿ ಈ ಐದು ಮಾತನ್ನು ನಂಬಿ ಹೊರತೆಗೆದ ಟ್ರೇಗಳನ್ನು ನಾನು ಸಾಕಷ್ಟು ನೋಡಿದ್ದೀನಿ. ಅದರಲ್ಲಿರೋದು ಬೇರೆ. ತೆಳ್ಳನೆ ಹಸಿರು ನೀರು, ಅದರೊಳಗೆ ಮೆತ್ತಗೆ ಮಲಗಿದ ಬೀನ್ಸು. ಆಸ್ಪತ್ರೆ ಊಟದ ವಾಸನೆ.

ಮೊದಲು ‘ಹುರೀರಿ’ ಅನ್ನೋ ಮಾತಿಗೆ ಬರೋಣ, ಏಕೆಂದರೆ ಅರ್ಧ ಅನಾಹುತ ಅಲ್ಲೇ ಇದೆ. ಬೆಂಕಿಯ ಕ್ರಿಯಾಪದಗಳಿಗೆ ಕನ್ನಡದಲ್ಲಿ ಬರವೇ? ಬೇಯಿಸು, ಸುಡು, ಹುರಿ, ಕರಿ, ಬಾಡಿಸು, ಕುದಿಸು, ಕಾಯಿಸು, ಬತ್ತಿಸು. ಒಂದೊಂದರಲ್ಲೂ ಕೈ ಏನು ಮಾಡ್ತಿರಬೇಕು ಅನ್ನೋದು ಸೇರಿಕೊಂಡೇ ಇದೆ. ಹುರಿಯೋದು ಅಂದರೆ ಕೈ ನಿಲ್ಲಬಾರದು. ರವೆ ಹುರೀತಾ ಫೋನ್ ತೆಗೆದುಕೊಂಡರೆ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತು. ಸುಡೋದು ಅಂದರೆ ಬೆಂಕಿ ಅಥವಾ ಕೆಂಡ ನೇರವಾಗಿ ತಾಗಬೇಕು. ಗೊಜ್ಜಿಗೆ ಬದನೆಕಾಯಿ ಸುಡ್ತೀವಿ, ಜೋಳದ ತೆನೆ ಸುಡ್ತೀವಿ. ಓವನ್ನಿನಲ್ಲಿ ‘ರೋಸ್ಟ್’ ಅನ್ನೋದು ಇವೆರಡೂ ಅಲ್ಲ. ಕೆಳಗೆ ಕಾದ ತಗಡು, ಸುತ್ತ ಒಣ ಬಿಸಿ ಗಾಳಿ, ಕೈಗೆ ಕೆಲಸವೇ ಇಲ್ಲ. ಈ ಪದ್ಧತಿ ನಮ್ಮ ಮನೆಗಳಲ್ಲಿ ಇರಲೇ ಇಲ್ಲ. ಓವನ್ನು ಏನಿದ್ದರೂ ಅಯ್ಯಂಗಾರ್ ಬೇಕರಿಯ ಹಿಂಭಾಗದಲ್ಲಿ. ಹಾಗಾಗಿ ಪದವೂ ಹುಟ್ಟಲಿಲ್ಲ, ಅನುವಾದ ಮಾಡೋರು ಹತ್ತಿರ ಕಂಡ ‘ಹುರಿ’ಯನ್ನು ಎತ್ತಿಕೊಂಡರು. ‘ಹುರೀರಿ’ ಅಂತ ಓದಿದ ಕೈ ಸುಮ್ಮನಿರುತ್ತಾ? ಮೂರು ನಿಮಿಷಕ್ಕೊಂದು ಸಲ ಬಾಗಿಲು ತೆಗೆದು ಸೌಟು ಆಡಿಸುತ್ತೆ. ಪ್ರತಿ ಸಲವೂ ಬಿಸಿ ಹೊರಗೆ ಹೋಗುತ್ತೆ, ಆಗಷ್ಟೇ ಒಣಗಲು ಶುರುವಾಗಿದ್ದ ಮೈ ಮತ್ತೆ ನೀರಿಗೆ ಬೀಳುತ್ತೆ. ನನ್ನನ್ನು ಕೇಳಿದರೆ ಇಲ್ಲಿಗೆ ಒಪ್ಪುವ ಪದ ‘ಬತ್ತಿಸು’. ಬತ್ತಿಸಿ ಅಂದಿದ್ದರೆ ಓದಿದವರಿಗೆ ತಾವು ಏನನ್ನು ಹೊರಗೆ ಕಳಿಸ್ತಿದ್ದೀವಿ ಅಂತಾದರೂ ತಿಳೀತಿತ್ತು.

ಹೊರಗೆ ಕಳಿಸಬೇಕಾದದ್ದು ನೀರು. ಪಾಕವಿಧಾನದ ಐದು ಮಾತಿನಲ್ಲಿ ಒಂದು ಸಲವೂ ಬರದ ಪದ ಅದೇ.

ಪ್ಯಾಕೆಟ್ಟಿನೊಳಗಿನ ತರಕಾರಿ ಹಸಿಯದ್ದಲ್ಲ, ಇದನ್ನು ಯಾರೂ ಹೇಳೋದಿಲ್ಲ. ಕಾರ್ಖಾನೆಯಲ್ಲಿ ಅದನ್ನು ಒಂದೆರಡು ನಿಮಿಷ ಬಿಸಿನೀರಿನಲ್ಲೋ ಹಬೆಯಲ್ಲೋ ಅದ್ದಿ ತೆಗೆದಿರ್ತಾರೆ. ಹಾಗೆ ಮಾಡದಿದ್ದರೆ ತರಕಾರಿಯೊಳಗಿನ ಕಿಣ್ವಗಳು ಮೈನಸ್ 18 ಡಿಗ್ರಿಯಲ್ಲೂ ಪೂರ್ತಿ ಸುಮ್ಮನಾಗೋದಿಲ್ಲ, ತಿಂಗಳುಗಟ್ಟಲೆ ನಿಧಾನವಾಗಿ ಬಣ್ಣ ರುಚಿ ಎರಡನ್ನೂ ಕೆಡಿಸ್ತವೆ. ಹೀಗೆ ಅರ್ಧ ಬೆಂದ ಮೇಲೆ ತಣ್ಣೀರು, ಆಮೇಲೆ ಕೊರೆಯುವ ಗಾಳಿಯಲ್ಲಿ ಬೇಗ ಹೆಪ್ಪುಗಟ್ಟಿಸೋದು. ಬೇಗ ಯಾಕೆ? ನಿಧಾನಕ್ಕೆ ಹೆಪ್ಪುಗಟ್ಟಿದರೆ ಮಂಜಿನ ಹರಳು ದೊಡ್ಡದಾಗಿ ಬೆಳೆದು ಜೀವಕೋಶದ ಗೋಡೆಗಳನ್ನು ಹರಿದು ಹಾಕುತ್ತೆ. ಬೇಗ ಆದರೆ ಹರಳು ಚಿಕ್ಕದು, ಹಾನಿ ಕಡಿಮೆ. ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ ಇದನ್ನೇ ಉದ್ಯಮ ಮಾಡಿ 1930ರಲ್ಲಿ ಅಂಗಡಿಗಳಿಗೆ ಇಳಿಸಿದ್ದು. ಹಾನಿ ಕಡಿಮೆಯೇ ಹೊರತು ಇಲ್ಲವೇ ಇಲ್ಲ ಅಂತಲ್ಲ. ಕರಗಿದ ಕೂಡಲೇ ಒಳಗಿನ ನೀರು ಸೋರೋಕೆ ಶುರು. ಹೂಕೋಸು, ಬ್ರಾಕೊಲಿಯಲ್ಲಿ ತೂಕದ ಹತ್ತರಲ್ಲಿ ಒಂಬತ್ತು ಪಾಲು ನೀರೇ ಅನ್ನೋದನ್ನ ಇದಕ್ಕೆ ಸೇರಿಸಿಕೊಳ್ಳಿ.

ಈಗ ಹೈಸ್ಕೂಲಿನ ಭೌತಶಾಸ್ತ್ರ. ಒಂದು ಗ್ರಾಂ ಮಂಜುಗಡ್ಡೆ ಕರಗೋಕೆ ಬೇಕಾದ ಶಾಖ 80 ಕ್ಯಾಲೊರಿ. ಅದೇ ಒಂದು ಗ್ರಾಂ ಕುದಿಯುವ ನೀರು ಆವಿಯಾಗಿ ಹೋಗೋಕೆ 540 ಕ್ಯಾಲೊರಿ. ಹೆಚ್ಚುಕಡಿಮೆ ಏಳು ಪಟ್ಟು! ಐಸಿನ ತರಕಾರಿ ಅಂದಕೂಡಲೇ ನಾವೆಲ್ಲ ಐಸಿಗೆ ಹೆದರ್ತೀವಿ, ಮೊದಲು ಕರಗಿಸಿಕೊಳ್ಳಬೇಕೋ ಬೇಡವೋ ಅಂತ ಚರ್ಚೆ ಮಾಡ್ತೀವಿ. ಐಸು ಸಣ್ಣ ಸಾಲಗಾರ. ದೊಡ್ಡ ಸಾಲಗಾರ ಆವಿ. ತರಕಾರಿಯ ಮೈಮೇಲೆ ನೀರಿರುವಷ್ಟು ಹೊತ್ತು ಆ ಮೈ ನೀರಿನ ಕುದಿಬಿಂದುವನ್ನು ದಾಟೋದಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರೋ ಬೆಂಗಳೂರಲ್ಲಿ ಅದು ನೂರೂ ಅಲ್ಲ, 97 ಡಿಗ್ರಿಯ ಆಸುಪಾಸು. ಆ ಕಂದು ಬಣ್ಣ, ಆ ಘಮ ಬರಬೇಕಾದರೆ ಮೈ 140 ಡಿಗ್ರಿ ಮುಟ್ಟಬೇಕು. ಅಂದರೆ ಮೊದಲು ನೀರು ಹೋಗಬೇಕು, ಆಮೇಲೇ ರುಚಿ. ಇದರಲ್ಲಿ ರಾಜಿ ಇಲ್ಲ.

ಇಷ್ಟು ಗೊತ್ತಾದರೆ ಉಳಿದ ಸೂಚನೆಗಳನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ತಾವಾಗೇ ಬರ್ತವೆ. ಓವನ್ 220 ಡಿಗ್ರಿಗೆ, ಆದರೆ 230ಕ್ಕೆ. ಬರೀ ಓವನ್ ಕಾದರೆ ಸಾಲದು, ಖಾಲಿ ಟ್ರೇಯೂ ಒಳಗೇ ಇದ್ದು ಕಾಯಬೇಕು. ತರಕಾರಿ ಬಿದ್ದ ಕೂಡಲೇ ‘ಚುಂಯ್’ ಅನ್ನಬೇಕು, ದೋಸೆ ಹೆಂಚಿನ ಮೇಲೆ ನೀರು ಚಿಮುಕಿಸಿದಾಗ ಕೇಳುತ್ತಲ್ಲ, ಆ ಸದ್ದು. (ಟ್ರೇ ಲೋಹದ್ದೇ ಆಗಿರಲಿ. ಕಾದ ಗಾಜಿನ ಪಾತ್ರೆಗೆ ಐಸು ಸುರಿದರೆ ಸೀಳಿಹೋಗುತ್ತೆ. ಲೋಹದ ಟ್ರೇ ಒಮ್ಮೊಮ್ಮೆ ‘ಠಣ್’ ಅಂತ ಸೊಟ್ಟಗಾಗುತ್ತೆ, ಅದಕ್ಕೆ ಗಾಬರಿ ಬೇಡ.) ಒಂದರ ಮೇಲೊಂದು ಬೀಳದ ಹಾಗೆ ಒಂದೇ ಪದರ, ನಡುವೆ ಬೆರಳು ಆಡುವಷ್ಟು ಜಾಗ. ಕರಗಿಸೋದು ಬೇಡ. ಕರಗಿದರೆ ನೀರೊಳಗೆ ಮಲಗಿಕೊಂಡೇ ಒಳಗೆ ಹೋಗುತ್ತೆ. ಎಣ್ಣೆ ಮೊದಲೇ, ಉಪ್ಪು ಮಾತ್ರ ಕೊನೆಗೆ. ಉಪ್ಪು ನೀರನ್ನು ಎಳೆಯುತ್ತೆ ಅಂತ ಬೆಂಡೆಕಾಯಿ, ಬದನೆಕಾಯಿ ಹೆಚ್ಚಿದ ಯಾರಿಗೆ ಗೊತ್ತಿಲ್ಲ?

ಇಲ್ಲೊಂದು ತಕರಾರು. ಈ ಪಾಕವಿಧಾನ ಹುಟ್ಟಿದ ಅಡುಗೆಮನೆಯಲ್ಲಿ ಓವನ್ ಅಂದರೆ ಗೋಡೆಯಷ್ಟು ದೊಡ್ಡದು, ಒಂದು ಪ್ಯಾಕೆಟ್ ಪೂರ್ತಿ ಹರಡಿದರೂ ಟ್ರೇಯಲ್ಲಿ ಜಾಗ ಮಿಗುತ್ತೆ. ನಮ್ಮ ಮನೆಗಳಲ್ಲಿ ಇರೋದು ಗ್ರಾನೈಟ್ ಕಟ್ಟೆಯ ಮೂಲೆಯಲ್ಲಿ ಮಿಕ್ಸಿ ಪಕ್ಕ ಕೂತ 28 ಲೀಟರಿನ ಓಟಿಜಿ. ಅದರೊಳಗೆ ಅರ್ಧ ಕೆಜಿ ಹಾಕಿದರೆ ಅದು ಇಡ್ಲಿ ಪಾತ್ರೆಯಾಗುತ್ತೆ. ಆವಿ ಹೋಗೋಕೆ ದಾರಿಯೇ ಇರೋದಿಲ್ಲ. 250 ಗ್ರಾಂ, ಅದಕ್ಕಿಂತ ಒಂದು ಹಿಡಿಯೂ ಜಾಸ್ತಿ ಬೇಡ. ಹತ್ತನೇ ನಿಮಿಷಕ್ಕೆ ಒಂದು ಸಲ ಬಾಗಿಲು ತೆಗೆದು ಹಬೆ ಹೊರಗೆ ಬಿಡಿ. ಕನ್ನಡಕ ಹಾಕಿಕೊಂಡಿದ್ದರೆ ಅದು ಮಂಜಾಗುತ್ತೆ, ಎಷ್ಟು ನೀರು ಹೋಗ್ತಿದೆ ಅನ್ನೋದಕ್ಕೆ ಅದೇ ಲೆಕ್ಕ. ಆಗ ಟ್ರೇ ನೋಡಿದರೆ ಯಾರಿಗಾದರೂ ಬೇಜಾರಾಗುತ್ತೆ. ನೀರು ನಿಂತಿರುತ್ತೆ, ಎಲ್ಲ ಬಾಡಿರುತ್ತೆ, ಕೆಟ್ಟೇ ಹೋಯ್ತು ಅನಿಸುತ್ತೆ. ಕೆಟ್ಟಿಲ್ಲ. ಹದಿನೆಂಟನೇ ನಿಮಿಷಕ್ಕೆ ಒಂದೇ ಒಂದು ಸಲ ತಿರುವಿ ಹಾಕಿ. ಇಪ್ಪತ್ತೈದರಿಂದ ಮೂವತ್ತರೊಳಗೆ ಸದ್ದು ಬದಲಾಗುತ್ತೆ, ಚುರುಚುರು ಹೋಗಿ ಚಟಪಟ ಬರುತ್ತೆ. ಒಳ್ಳೆಯ ಅಡುಗೆ ಬರಹ ಹೇಳಬೇಕಾದದ್ದು ಆ ಹತ್ತನೇ ನಿಮಿಷವನ್ನು. ಮುಗಿದ ಮೇಲೆ ಹೇಗೆ ಕಾಣುತ್ತೆ ಅಂತ ಚಿತ್ರ ಹೇಳುತ್ತೆ. ನಡುವೆ ಎಷ್ಟು ಕೆಟ್ಟದಾಗಿ ಕಾಣುತ್ತೆ ಅಂತ ಹೇಳೋಕೆ ವಾಕ್ಯವೇ ಬೇಕು. ಅಮ್ಮಂದಿರು ಪಕ್ಕದಲ್ಲಿ ನಿಂತು ‘ಹಾಗೇ ಆಗೋದು, ಬಿಡು’ ಅಂತಿದ್ದರಲ್ಲ, ಆ ವಾಕ್ಯ. ಮೈಸೂರುಪಾಕಿನ ಹಿಟ್ಟು ಗಂಟಾದಾಗಲೂ ಅದನ್ನೇ ಅಂತಿದ್ದರು. ಐದು ಮಾತಿನ ಪಾಕವಿಧಾನ ಮೊದಲು ಕತ್ತರಿಸಿ ಎಸೆಯೋದೇ ಅದನ್ನ.

ಓಟಿಜಿ ಇಲ್ಲದವರು? ದಪ್ಪ ತಳದ ಕಬ್ಬಿಣದ ಬಾಣಲೆ ಸಾಕು. ಹೊಗೆ ಆಡುವಷ್ಟು ಕಾಯಿಸಿ, ಒಂದು ಸಲಕ್ಕೆ ಎರಡು ಹಿಡಿ, ಉರಿ ಜೋರು. ಮುಚ್ಚಳ ಮಾತ್ರ ಮುಟ್ಟಬಾರದು. ಇದು ನಮಗೆ ಬಲು ಕಷ್ಟ. ನಮ್ಮ ಪಲ್ಯದ ಸಂಸ್ಕಾರವೇ ನೀರು ಚಿಮುಕಿಸಿ ತಟ್ಟೆ ಮುಚ್ಚೋದು. ಹಸಿ ಬೀನ್ಸಿಗೆ ಅದು ಸರಿ, ಗಟ್ಟಿಯಾಗಿರೋದನ್ನ ಮೆತ್ತಗೆ ಮಾಡಬೇಕು. ಪ್ಯಾಕೆಟ್ಟಿನ ಬೀನ್ಸು ಮೊದಲೇ ಮೆತ್ತಗಾಗಿ ಬಂದಿದೆ, ಅದನ್ನು ಮತ್ತೆ ಗಟ್ಟಿ ಮಾಡೋದು ನಮ್ಮ ಕೆಲಸ. ಪಲ್ಯ ಮಾಡಿದ ಹಾಗೆ ಮಾಡಿದರೆ ಎರಡು ಸಲ ಬೇಯಿಸಿದ ಹಾಗಾಗುತ್ತೆ.

ಇನ್ನು ‘ಸೈಡ್ ಡಿಶ್’. ಎಲೆ ಊಟದಲ್ಲಿ ಸೈಡು ಯಾವುದು ಹೇಳಿ? ಕೋಸಂಬರಿಗೂ ಪಲ್ಯಕ್ಕೂ ಉಪ್ಪಿನಕಾಯಿಗೂ ಅವುಗಳದ್ದೇ ಜಾಗ ಇದೆ, ಸರತಿ ಇದೆ, ಬಡಿಸೋರು ತಪ್ಪಿದರೆ ಹಿರಿಯರು ಗದರ್ತಾರೆ. ಹತ್ತಿರದ ಮಾತು ಅಂದರೆ ‘ನೆಂಚಿಕೊಳ್ಳೋಕೆ’. ಈ ಮಾತಿನ ಸೊಗಸು ಏನಂದರೆ, ಯಾವುದಕ್ಕೆ ನೆಂಚಿಕೊಳ್ಳೋದು ಅನ್ನೋ ಪ್ರಶ್ನೆ ತಾನಾಗೇ ಹಿಂದೆ ಬರುತ್ತೆ. ಸೈಡ್ ಡಿಶ್ ಅಂದಾಗ ಆ ಪ್ರಶ್ನೆ ಏಳೋದಿಲ್ಲ, ಯಾವುದರ ಪಕ್ಕಕ್ಕಾದರೂ ಇಡಬಹುದು ಅನಿಸುತ್ತೆ. ಇಟ್ಟು ನೋಡಿ. ಚಪಾತಿ ಪಕ್ಕ ಇಟ್ಟರೆ ಒಣ ಒಣ, ಗಂಟಲಲ್ಲಿ ಇಳಿಯೋದಿಲ್ಲ. ಚಪಾತಿಗೆ ಪಸೆ ಇರೋ ಪಲ್ಯ ಬೇಕು. ಮುದ್ದೆಗೆ ಇದನ್ನು ಇಡೋ ಮಾತೇ ಇಲ್ಲ, ಮುದ್ದೆ ಸಾರಿನಲ್ಲಿ ಜಾರಿಕೊಂಡೇ ಹೋಗಬೇಕು. ಆದರೆ ಅನ್ನ, ತಿಳಿಸಾರಿಗೆ? ಅಲ್ಲಿ ಇದಕ್ಕೆ ಸಾಟಿ ಇಲ್ಲ. ಮೊಸರನ್ನಕ್ಕಂತೂ ಹೇಳಿ ಮಾಡಿಸಿದ ಹಾಗೆ. ಮೆತ್ತಗಿನ, ತಣ್ಣಗಿನ, ಹುಳಿಯ ಪಕ್ಕ ಕಂದಿದ, ಗರಿಯಾದ, ಸ್ವಲ್ಪ ಸಿಹಿ. ಇಂಗ್ಲಿಷ್ ಊಟದಲ್ಲಿ ಇದು ಗ್ರೇವಿ ಸುರಿದ ಮಾಂಸದ ಪಕ್ಕ ಕೂತ್ಕೊಳ್ಳುತ್ತೆ, ಅಲ್ಲಿ ಒದ್ದೆ ಗ್ರೇವಿಯದ್ದು. ನಮ್ಮಲ್ಲಿ ಆ ಜಾಗ ಸಾರು, ಮೊಸರಿನದ್ದು. ಅನುವಾದ ಆಗಬೇಕಾದ್ದು ಈ ಒದ್ದೆ ಒಣಗಿನ ಲೆಕ್ಕ, ಖಾದ್ಯದ ಹೆಸರಲ್ಲ.

ಹೀಗೆ ನೋಡಿದಾಗ ಇದು ನಮಗೆ ಹೊಸದೇ ಅಲ್ಲ ಅಂತ ಹೊಳೆಯುತ್ತೆ. ಅನ್ನ ಸಾರಿಗೆ, ಮೊಸರನ್ನಕ್ಕೆ ನೆಂಚಿಕೊಳ್ಳೋಕೆ ನಮ್ಮಲ್ಲಿ ಬಾಳಕ ಇತ್ತಲ್ಲ! ಬರೀ ಮಜ್ಜಿಗೆ ಮೆಣಸಿನಕಾಯಿ ಅಲ್ಲ, ಗೋರಿಕಾಯಿ ಬಾಳಕ, ಹಾಗಲಕಾಯಿ ಬಾಳಕ. ಏಪ್ರಿಲ್ ಬಿಸಿಲಲ್ಲಿ ತಾರಸಿ ಮೇಲೆ ಹಳೇ ಪಂಚೆ ಹಾಸಿ ದಿನಗಟ್ಟಲೆ ಒಣಗಿಸಿ ಡಬ್ಬಕ್ಕೆ ತುಂಬೋರು. ಬೇಕಾದಾಗ ನಾಲ್ಕು ತೆಗೆದು ಎಣ್ಣೆಗೆ ಬಿಟ್ಟರೆ ಎರಡೇ ನಿಮಿಷ. ಎರಡು ನಿಮಿಷದಲ್ಲಿ ಹೇಗಾಯ್ತು ಅಂದರೆ ನೀರು ಮೊದಲೇ ಹೋಗಿತ್ತು, ಅದನ್ನ ಸೂರ್ಯ ಪುಕ್ಕಟೆ ಮಾಡಿಕೊಟ್ಟಿದ್ದ. ಫ್ರೀಜರ್ ಇದಕ್ಕೆ ತದ್ವಿರುದ್ಧ. ಅದು ನೀರನ್ನೂ ಸೇರಿಸಿ ಕಾಪಾಡುತ್ತೆ. ಆ ಕೆಲಸ ಹಾಗೇ ಉಳಿದಿದೆ, ಅಡುಗೆ ಮಾಡುವ ಹೊತ್ತಿಗೆ ಎದುರು ಬಂದು ನಿಲ್ಲುತ್ತೆ, ಆಗ ಕರೆಂಟು ಸುಟ್ಟು ತೀರಿಸಬೇಕು. ‘ಸುಲಭ’ ಅನ್ನೋ ಮಾತು ಮುಚ್ಚಿಡೋದು ಇದನ್ನೇ. ಹೆಚ್ಚುವ ಕೆಲಸ ಉಳಿದಿದೆ, ನಿಜ. ಒಣಗಿಸುವ ಕೆಲಸ ಉಳಿದಿಲ್ಲ.

ಹೋಗಲಿ, ಯಾವ ತರಕಾರಿ? ಪಾಕವಿಧಾನ ಹೇಳೋದು ‘ಮಿಕ್ಸ್ ವೆಜಿಟೆಬಲ್’. ಬಟಾಣಿ, ಕ್ಯಾರೆಟ್ ತುಣುಕು, ಬೀನ್ಸು, ಜೋಳದ ಕಾಳು. ಪಲಾವಿಗೆ ಅಂತ ಮಾಡಿದ ಪ್ಯಾಕೆಟ್ ಅದು. ಕ್ಯಾರೆಟ್ ಕಂದುವ ಹೊತ್ತಿಗೆ ಬಟಾಣಿ ಸುಕ್ಕಾಗಿ ಗುಂಡಿನ ಹಾಗೆ ಗಟ್ಟಿಯಾಗಿರುತ್ತೆ, ಬೀನ್ಸು ದಾರವಾಗಿರುತ್ತೆ. ನಾಲ್ಕು ಜನರನ್ನು ಒಂದೇ ಟ್ರೇಯಲ್ಲಿ ಕೂರಿಸೋದೇ ತಪ್ಪು. ಬರೀ ಜೋಳ ಚೆನ್ನಾಗಿ ಬರುತ್ತೆ. ಬರೀ ಬ್ರಾಕೊಲಿ ಬಹಳ ಚೆನ್ನಾಗಿ ಬರುತ್ತೆ. ಹೂಕೋಸೂ ಸರಿಯೇ, ಆದರೆ ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆಯ ತೋಟಗಳಿಂದ ಬಳ್ಳಾರಿ ರಸ್ತೆ ಹಿಡಿದು ತರಕಾರಿ ಬರೋ ದಾರಿಯಲ್ಲೇ ಕೂತು ಐಸಿನ ಹೂಕೋಸು ಯಾಕೆ ಕೊಳ್ಳಬೇಕು? ಬೆಳಿಗ್ಗೆ ಗಾಡಿಯವನು ಗೇಟಿಗೇ ತರ್ತಾನೆ. ಬೀನ್ಸಿನ ಮಾತೂ ಅಷ್ಟೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ‘ಅರ್ಕಾ ಕೋಮಲ್’ ಬೀನ್ಸು ನಮ್ಮ ಸೀಮೆಯಲ್ಲೇ ಹುಟ್ಟಿದ ತಳಿ. ಕಷ್ಟಪಟ್ಟು ಅದನ್ನು ಹೆಪ್ಪುಗಟ್ಟಿಸಿ, ಕಷ್ಟಪಟ್ಟು ಬತ್ತಿಸೋದರಲ್ಲಿ ಅರ್ಥ ಇಲ್ಲ. ಚಳಿದೇಶದ ಊರುಗಳಲ್ಲಿ ವರ್ಷದ ಅರ್ಧ ಹೊಲಗಳು ಹಿಮದಡಿ ಇರ್ತವೆ, ಅಲ್ಲಿಯ ಪ್ಯಾಕೆಟ್ಟಿಗೆ ಕಾರಣ ಇದೆ. ಇಲ್ಲಿ ಕಾರಣ ಇರೋದು ಋತುವಿಗೆ ಕಟ್ಟುಬಿದ್ದ ಪದಾರ್ಥಕ್ಕೆ ಮಾತ್ರ. ಬಟಾಣಿ ಹಾಗೆ. ಕೊಯ್ದ ಗಳಿಗೆಯಿಂದಲೇ ಅದರ ಸಕ್ಕರೆ ಪಿಷ್ಟವಾಗ್ತಾ ಹೋಗುತ್ತೆ, ಎರಡು ದಿನ ಲಾರಿಯಲ್ಲಿ ಬಂದ ‘ಫ್ರೆಶ್’ ಬಟಾಣಿಗಿಂತ ಪ್ಯಾಕೆಟ್ಟಿನದ್ದೇ ಸಿಹಿ. ಅಂಗಡಿಯಲ್ಲಿ ಪ್ಯಾಕೆಟ್ ಅಲ್ಲಾಡಿಸಿ ನೋಡಿ, ಗೋಲಿ ಚೀಲದ ಹಾಗೆ ಗಲಗಲ ಅನ್ನಬೇಕು. ಒಂದೇ ಗಡ್ಡೆಯಾಗಿದ್ದರೆ ದಾರಿಯಲ್ಲಿ ಎಲ್ಲೋ ಕರಗಿ ಮತ್ತೆ ಹೆಪ್ಪುಗಟ್ಟಿದೆ. ಹತ್ತು ನಿಮಿಷದಲ್ಲಿ ಮನೆಗೆ ತರಿಸಿಕೊಳ್ಳೋರು ಇನ್ನೂ ಹುಷಾರಾಗಿರಬೇಕು. ಮಧ್ಯಾಹ್ನದ ಬಿಸಿಲಲ್ಲಿ ಸ್ಕೂಟರ್ ಸಿಗ್ನಲ್‌ನಲ್ಲಿ ನಿಲ್ಲೋದು ಆ ಹತ್ತು ನಿಮಿಷದಲ್ಲೇ ಸೇರಿದೆ.

ಆದರೆ ನಮ್ಮ ಊರಿನ ನಿಜವಾದ ಐಸಿನ ತರಕಾರಿ ಬಟಾಣಿಯಲ್ಲ, ಅವರೆ. ಅಲ್ಲಾಳಸಂದ್ರದ ಹೆಸರಿನಲ್ಲಿರೋ ‘ಸಂದ್ರ’ ಸಮುದ್ರ ಅನ್ನೋದರ ರೂಪ, ಅಂದರೆ ಕೆರೆ. ಕೆರೆ ಈಗಲೂ ಇದೆ, ಸುತ್ತ ಇದ್ದ ಹೊಲಗಳು ಬಡಾವಣೆಯಾಗಿವೆ. ನಮ್ಮ ಅಂಚೆ ವಿಳಾಸದಲ್ಲಿ ಜಿಕೆವಿಕೆ ಪೋಸ್ಟ್ ಅಂತಿರುತ್ತೆ. ಕೃಷಿ ವಿಶ್ವವಿದ್ಯಾಲಯ ಅಷ್ಟು ಹತ್ತಿರ. ನಾಟಿ ಅವರೆ ಹಗಲು ಕುಗ್ಗಿದ ಮೇಲೇ ಹೂ ಬಿಡೋ ಗಿಡ, ಅದಕ್ಕೇ ಡಿಸೆಂಬರ್, ಜನವರಿಯಲ್ಲಿ ಕಾಯಿ. ಹಗಲಿನ ಹಂಗಿಲ್ಲದೆ ವರ್ಷವಿಡೀ ಬಿಡೋ ಗಿಡ್ಡ ತಳಿಗಳನ್ನು ಮಾಡಿದ್ದೂ ಈ ವಿಶ್ವವಿದ್ಯಾಲಯವೇ. ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ಅಂತ. ರೈತರಿಗೆ ದೊಡ್ಡ ಉಪಕಾರ, ಎರಡು ಮಾತಿಲ್ಲ. ಆದರೆ ಜುಲೈ ತಿಂಗಳ ತಾಜಾ ಅವರೆಗೂ ಜನವರಿಯ ಇಬ್ಬನಿ ಕುಡಿದ ಮಾಗಡಿ ಅವರೆಗೂ ನನ್ನ ನಾಲಿಗೆಗೆ ವ್ಯತ್ಯಾಸ ತಿಳಿಯುತ್ತೆ. ಸೊಗಡು ಅನ್ನೋದಕ್ಕೆ ಅಂಗೈಯೇ ಸಾಕ್ಷಿ. ಚಳಿಗಾಲದ ಕಾಯಿ ಸುಲಿದ ಕೈ ಸೋಪು ಹಾಕಿದರೂ ವಾಸನೆ ಬಿಡೋದಿಲ್ಲ. ಹಾಗಾಗಿ ಸಂಕ್ರಾಂತಿ ಹೊತ್ತಿಗೆ ಇಲ್ಲಿಯ ಮನೆಗಳಲ್ಲಿ ಫ್ರೀಜರ್ ಖಾಲಿ ಮಾಡಿ ಅವರೆಗೆ ಜಾಗ ಮಾಡ್ತಾರೆ. ವಿ.ವಿ. ಪುರಂ ಕಡೆ ಅವರೆಬೇಳೆ ಮೇಳಕ್ಕೆ ಜನ ಸಾಲು ನಿಂತಿರೋ ಹೊತ್ತಿಗೆ ಇಲ್ಲಿ ಜಿಪ್ ಕವರುಗಳಿಗೆ ತುಂಬಿಯಾಗಿರುತ್ತೆ. ಜುಲೈನಲ್ಲಿ ತಾಜಾ ಅವರೆಯೋ ಫ್ರೀಜರಿನ ಜನವರಿ ಅವರೆಯೋ ಅಂದರೆ ನನ್ನ ಓಟು ಫ್ರೀಜರಿಗೆ.

ಇಲ್ಲಿ ‘ಫ್ರೆಶ್’ ಅನ್ನೋ ಪದದ ಜೊತೆ ನನಗೆ ಜಗಳ ಇದೆ. ಕನ್ನಡದ ಅಡುಗೆ ಮಾತುಕತೆಯಲ್ಲಿ ಐಸಿನ ತರಕಾರಿ ಅಂದರೆ ತಂಗಳು, ತಂಗಳು ಅಂದರೆ ಸೋಮಾರಿತನ, ಸೋಮಾರಿ ಅಂದರೆ ಯಾರು ಅಂತ ಬಾಯಿಬಿಟ್ಟು ಹೇಳಬೇಕಾಗಿಲ್ಲ. ‘ಫ್ರೆಶ್ ಆಗಿ ಮಾಡಿದರೇ ಚೆಂದ’ ಅನ್ನೋ ಮಾತು ಬರೋದು ಸಾಮಾನ್ಯವಾಗಿ ಸೋಫಾದ ಕಡೆಯಿಂದ, ಈಳಿಗೆಮಣೆಯ ಕಡೆಯಿಂದ ಅಲ್ಲ. ಹಿತಕಿದ ಬೇಳೆಯನ್ನೇ ತಗೊಳ್ಳಿ. ಕಾಯಿ ಸುಲಿಯಬೇಕು, ಕಾಳು ನೆನೆ ಹಾಕಬೇಕು, ಒಂದೊಂದು ಕಾಳನ್ನೂ ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ ಸಿಪ್ಪೆಯಿಂದ ಚಿಮ್ಮಿಸಬೇಕು. ಒಂದು ಕೆಜಿ ಕಾಯಿಗೆ ಸಿಗೋ ಬೇಳೆ ಒಂದು ಸಣ್ಣ ಬಟ್ಟಲು. ಟೀವಿ ಮುಂದೆ ಮನೆಯವರೆಲ್ಲ ಕೂತರೂ ಒಂದು ಸಂಜೆ ಹೋಗುತ್ತೆ, ಹೆಂಗಸರಿಬ್ಬರೇ ಕೂತರೆ ಎರಡು. ಫ್ರೀಜರಿನಲ್ಲಿ ಆ ಡಬ್ಬ ಕಂಡಾಗ ನನಗೆ ಕಾಣೋದು ಆ ಸಂಜೆ. ಅದನ್ನು ತಂಗಳು ಅನ್ನೋಕೆ ನಾಲಿಗೆ ಬರೋದಿಲ್ಲ. ಪ್ಯಾಕೆಟ್ಟಿನ ಬೀನ್ಸಿಗೂ ಇದೇ ಮಾತು ಸ್ವಲ್ಪ ಮಟ್ಟಿಗೆ ಅನ್ವಯಿಸುತ್ತೆ, ಯಾರೋ ಎಲ್ಲೋ ಹೆಚ್ಚಿದ್ದಾರೆ. ರಾತ್ರಿ ಎಂಟೂವರೆಗೆ ಮಾನ್ಯತಾ ಕಡೆಯಿಂದ ಹೆಬ್ಬಾಳದ ಟ್ರಾಫಿಕ್ ದಾಟಿ ಬಂದವರು ಆ ಪ್ಯಾಕೆಟ್ ಕತ್ತರಿಸಿದರೆ ಅವರನ್ನು ಮಾತಾಡಿಸೋ ಹಕ್ಕು ಅವತ್ತು ಸೌಟು ಹಿಡಿದವರಿಗೆ ಮಾತ್ರ. ನನ್ನ ತಕರಾರು ಪ್ಯಾಕೆಟ್ಟಿನ ಮೇಲಲ್ಲ. ದಣಿದು ಬಂದವರಿಗೆ ಇಪ್ಪತ್ತು ನಿಮಿಷ ಅಂತ ಹೇಳಿ, ನೀರಿನ ಸುದ್ದಿ ಎತ್ತದೆ, ಹಸಿರು ಗೊಜ್ಜನ್ನು ಕೈಗೆ ಕೊಟ್ಟು, ಚೆನ್ನಾಗಿ ಬಂದಿಲ್ಲ ಅಂದರೆ ನಿಮ್ಮ ಕೈಗುಣ ಅನ್ನೋ ಬರಹದ ಮೇಲೆ. ಆಮೇಲೆ ಸೋಫಾದ ಕಡೆಯವರಿಗೆ ಮಾತು ಸಿಗುತ್ತೆ, ‘ನೋಡು, ಅದಕ್ಕೇ ಫ್ರೆಶ್ ತರಬೇಕು ಅನ್ನೋದು.’

ಅವರೆಗೆ ಈ ವಿಧಾನ ಒಪ್ಪುತ್ತಾ ಅಂತ ಕೇಳಿದರೆ, ತುಂಬ ಚೆನ್ನಾಗಿ ಒಪ್ಪುತ್ತೆ, ಆದರೆ ಹಸಿ ಕಾಳನ್ನು ನೇರ ಟ್ರೇಗೆ ಹಾಕೋ ಹಾಗಿಲ್ಲ. ಅವರೆ ಬೇಯಲೇಬೇಕಾದ ಕಾಳು. ಜನವರಿಯಲ್ಲೇ ಉಪ್ಪುನೀರಲ್ಲಿ ಬೇಯಿಸಿ, ಒತ್ತಿದರೆ ಮೆತ್ತಗಾಗಬೇಕು, ಒಡೆಯಬಾರದು. ಸೋಸಿ, ಬಟ್ಟೆ ಮೇಲೆ ಹರಡಿ ಪೂರ್ತಿ ಆರಿಸಿ. ಸೂರ್ಯನ ಕೆಲಸದಲ್ಲಿ ಇಷ್ಟನ್ನಾದರೂ ಫ್ಯಾನಿನ ಕೈಲಿ ಮಾಡಿಸಿಕೊಳ್ಳಬಹುದು. ಆಮೇಲೆ ಸ್ಟೀಲ್ ತಟ್ಟೆಯಲ್ಲಿ ಒಂದೇ ಪದರ ಹರಡಿ ಫ್ರೀಜರಿಗೆ. ಕಲ್ಲಾದ ಮೇಲೆ ಕವರಿಗೆ. ಹಾಗೆ ಮಾಡಿದರೆ ಗಡ್ಡೆ ಕಟ್ಟೋದಿಲ್ಲ, ಬೇಕಾದಷ್ಟೇ ಹಿಡಿ ತೆಗೆಯಬಹುದು.

ತಿನ್ನೋ ದಿನ ಓವನ್ 220, ಟ್ರೇ ಒಳಗೇ ಕಾಯಲಿ, ಕಾಳಿಗೆ ಎರಡು ಚಮಚ ಕಡಲೆಕಾಯಿ ಎಣ್ಣೆ. ಸುರಿದು ಬಾಗಿಲು ಹಾಕಿ, ಹತ್ತನೇ ನಿಮಿಷಕ್ಕೆ ಹಬೆ ಬಿಡಿ, ಹದಿನೈದಕ್ಕೆ ಒಂದು ಸಲ ತಟ್ಟೆ ಅಲ್ಲಾಡಿಸಿ. ಇಪ್ಪತ್ತೆರಡರ ಹೊತ್ತಿಗೆ ಸಿಪ್ಪೆ ಬಿರಿದು ಅಲ್ಲಲ್ಲಿ ಕಂದಿರುತ್ತೆ, ಒಳಗೆ ಬೆಣ್ಣೆ ಹಾಗಿರುತ್ತೆ. ಹೊರಗೆ ತೆಗೆದ ಮೇಲೆ ಉಪ್ಪು ನೋಡಿಕೊಂಡು, ಸಾಸಿವೆ, ಇಂಗು, ಕರಿಬೇವು, ಸೀಳಿದ ಹಸಿಮೆಣಸಿನಕಾಯಿಯ ಒಗ್ಗರಣೆ. ಕಾಯಿತುರಿ ಬೇಕಿದ್ದರೆ ಬಡಿಸೋ ಹೊತ್ತಿಗೆ, ಮೊದಲೇ ಹಾಕಿದರೆ ಅದರ ಹಾಲಿಗೆ ಗರಿ ಎಲ್ಲ ಮೆತ್ತಗಾಗುತ್ತೆ. ನಿಂಬೆಹಣ್ಣು ಸ್ವಲ್ಪ ಆರಿದ ಮೇಲೆ ಹಿಂಡಿ.